ಎಂಟುನೂರು ವರ್ಷದ ಬಾನಿಗೆ ನಾನು ಹಾಕಿದ ನೀರು

ಹಳಿಯಾಳ

ಇಂಗ್ಲೆಂಡಿಗೆ ಹೋಗಿ ಬಂದವರು ಗಡಿಯಾರದ ಗೋಪುರ ನೋಡಿ ಬರುತ್ತಾರೆ, ಅರಮನೆ ನೋಡಿ ಬರುತ್ತಾರೆ, ಅದರ ಮುಂದೆ ನಿಂತು ತೆಗೆಸಿಕೊಂಡ ಫೋಟೋಗಳನ್ನು ಬಂದವರಿಗೆಲ್ಲ ತೋರಿಸುತ್ತಾರೆ. ನಾನು ಇಪ್ಪತ್ತು ದಿನ ಇದ್ದು ಒಂದು ಕಲ್ಲಿನ ಬಾನಿ ನೋಡಿ ಬಂದೆ. ನಮ್ಮ ಕಡೆ ಎಮ್ಮೆಗೆ ನೀರು ಕುಡಿಸಲು ಹಿತ್ತಲಲ್ಲಿ ಇಟ್ಟಿರುತ್ತಾರಲ್ಲ, ಹೆಚ್ಚು ಕಡಿಮೆ ಅಂಥದ್ದು. ಬರೀ ನೋಡಿ ಬಂದೆ ಎಂದರೆ ಪೂರ್ತಿ ನಿಜವಾಗುವುದಿಲ್ಲ. ಅಲ್ಲಿ ನಾನು ಮಾಡಿದ್ದನ್ನು ಹಳಿಯಾಳದಲ್ಲಿ ಈಗ ಒಬ್ಬೊಬ್ಬರು ಒಂದೊಂದು ತರಹ ಹೇಳುತ್ತಿದ್ದಾರೆ. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಮಕ್ಕಳಿಂದ ಪ್ರಬಂಧ ಬರೆಸಿದವಳು ನಾನು, ನನ್ನ ಮರ್ಯಾದೆಯ ಪ್ರಬಂಧವನ್ನು ನಾನೇ ಬರೆಯುವುದು ಒಳ್ಳೆಯದು.

ನನ್ನ ಮಗಳು ಶೈಲಾ ನರ್ಸು. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದುವಾಗ ಜೊತೆಗೆ ಓದುತ್ತಿದ್ದ ದಾಂಡೇಲಿಯ ಅಂತೋನ್ ಎಂಬ ಹುಡುಗನನ್ನು ಮದುವೆಯಾದಳು. ನಾವು ಕೊರಳಲ್ಲಿ ಲಿಂಗ ಕಟ್ಟುವವರು, ಅವರು ಶಿಲುಬೆ ಹಾಕುವವರು. ನನ್ನ ಯಜಮಾನರಿಗೆ ಹಳಿಯಾಳದ ಪೇಟೆಯಲ್ಲಿ ಅಡತಿ ಅಂಗಡಿ ಇದೆ. ಅಂಗಡಿಯ ಗಾದಿಯ ಮೇಲೆ ಕುಳಿತು ನಾಲ್ಕು ಮಂದಿಯ ಎದುರಿಗೆ, ಇನ್ನು ಅವಳ ಮುಖ ನೋಡುವುದಿಲ್ಲ ಎಂದರು. ಅವರು ಆಡಿದ ಮಾತು ಮುರಿಯುವವರಲ್ಲ. ಮುರಿಯುವ ಕೆಲಸ ಬಂದಾಗ ನನ್ನನ್ನು ಕಳಿಸುತ್ತಾರೆ.

ಗಂಡ ಹೆಂಡತಿ ಇಬ್ಬರಿಗೂ ಇಂಗ್ಲೆಂಡಿನಲ್ಲಿ ಕೆಲಸ ಸಿಕ್ಕಿತು, ಹೆಣ್ಣು ಕೂಸು ಹುಟ್ಟಿತು, ಮೀರಾ ಎಂದು ಎರಡೂ ಕಡೆಯವರ ತಕರಾರಿಲ್ಲದ ಹೆಸರಿಟ್ಟರು. ಯಜಮಾನರು ನನ್ನ ಫೋನನ್ನು ದಿನಾ ಚಾರ್ಜಿಗೆ ಹಾಕುವ ನೆಪದಲ್ಲಿ ತೆಗೆದುಕೊಂಡು ಹೋಗಿ ಕೂಸಿನ ಫೋಟೋ ನೋಡುತ್ತಿದ್ದರು. ಫೋಟೋ ನೋಡಿದರೆ ಮುಖ ನೋಡಿದಂತಲ್ಲ ಎಂಬುದು ಅವರ ಕಾಯಿದೆ. ಕೂಸಿಗೆ ಒಂಬತ್ತು ತಿಂಗಳಾದಾಗ ಚರ್ಚಿನಲ್ಲಿ ದೀಕ್ಷಾಸ್ನಾನ ಎಂಬ ಸುದ್ದಿ ಬಂತು. ಯಜಮಾನರು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಒಬ್ಬರೇ ಬಸ್ಸು ಹತ್ತಿ ಉಳವಿಗೆ ಹೋಗಿ, ಅಯ್ಯನವರಿಂದ ಒಂದು ಸಣ್ಣ ಲಿಂಗ ತಂದು ನನ್ನ ಕೈಯಲ್ಲಿಟ್ಟರು.

"ಕೂಸಿನ ತಲೀಮ್ಯಾಲೆ ಅವರ ನೀರು ಬೀಳೂದರಾಗ ಇದು ಅದರ ಕೊರಳಾಗ ಇರಬೇಕು" ಎಂದರು.

ಅದೇ ದಿನ ಸಂಜೆ ಮಗಳ ಫೋನು ಬಂತು. "ಅವ್ವಾ, ಬಾ. ಟಿಕೀಟು ನಾ ತಗಸ್ತೇನಿ. ಆದರ ಒಂದು ಮಾತು ಕೊಡು. ಕೂಸಿಗೆ ಲಿಂಗ ಕಟ್ಟಂಗಿಲ್ಲ. ಕಟ್ಟಿದಿ ಅಂದ್ರ ಮರುದಿನಾನ ವಿಮಾನ ಹತ್ತಸ್ತೇನಿ. ಮತ್ತ ನನ್ನ ಮನೀ ಬಾಗಲಾ ಮರತಬಿಡು."

"ಕಟ್ಟೂದಿಲ್ಲವಾ" ಎಂದೆ.

"ಆಣಿ ಮಾಡು."

ಅವಸರದಲ್ಲಿ ನನ್ನ ಲಿಂಗದ ಮೇಲೇ ಆಣೆ ಮಾಡಿದೆ. ಲಿಂಗ ಕಟ್ಟುವುದಿಲ್ಲವೆಂದು ಲಿಂಗ ಮುಟ್ಟಿ ಆಣೆ ಮಾಡಿದವಳು ನಮ್ಮ ಕುಲದಲ್ಲಿ ನಾನೊಬ್ಬಳೇ ಇರಬೇಕು. ಗಂಡನಿಗೆ ಇಲ್ಲವೆನ್ನಲಿಲ್ಲ, ಮಗಳಿಗೂ ಇಲ್ಲವೆನ್ನಲಿಲ್ಲ. ಸಣ್ಣ ಲಿಂಗವನ್ನು ಅರಿವೆಯಲ್ಲಿ ಸುತ್ತಿ ನನ್ನ ಪೂಜೆಯ ಚೀಲದಲ್ಲಿ ಇಟ್ಟುಕೊಂಡು ಹೊರಟೆ. ಐದು ವರ್ಷದ ಮೇಲೆ ಮಗಳನ್ನು ನೋಡುವ ಆಸೆಯಲ್ಲಿ ಮುಂದಿನದು ಮುಂದೆ ಎನಿಸಿತ್ತು.

ವಿಮಾನ

ಮಗಳು ನನಗೆ ತಿಳಿಸದೆ ಇನ್ನೊಂದು ಕೆಲಸ ಮಾಡಿದ್ದಳು. ನನ್ನ ಪಕ್ಕದ ಸೀಟಿನಲ್ಲಿ ಬೀಗತಿ ರೋಜಿಬಾಯಿಯನ್ನು ಕೂಡಿಸಿದ್ದಳು. ಅಂತೋನನ ತಾಯಿ. ಜೊಯಿಡಾ ಕಡೆಯ ತವರು, ದಾಂಡೇಲಿಯ ಮಿಲ್ಲಿನವನ ಹೆಂಡತಿ, ಈಗ ವಿಧವೆ. ರಿಜಿಸ್ಟರ್ ಮದುವೆಯ ದಿನ ನಾವಿಬ್ಬರೂ ಒಂದೇ ಬೆಂಚಿನ ಎರಡು ತುದಿಗೆ ಕುಳಿತು ಎದ್ದು ಹೋದವರು. ಆಮೇಲೆ ಮಾತಿಲ್ಲ. ಗೋವಾದ ವಿಮಾನ ನಿಲ್ದಾಣದಲ್ಲಿ ಒಬ್ಬರಿಗೊಬ್ಬರು ಕಂಡು, ಕಾಣದವರ ಹಾಗೆ ಒಂದೇ ಸಾಲಿನಲ್ಲಿ ನಿಂತೆವು.

ಮಾತು ಆಡಿಸಿದ್ದು ನನ್ನ ಖಡಕ್ ರೊಟ್ಟಿ. ಇಂಗ್ಲೆಂಡಿನಲ್ಲಿ ಇಳಿದ ಮೇಲೆ ಅಧಿಕಾರಿಯೊಬ್ಬ ನನ್ನ ಚೀಲ ಬಿಚ್ಚಿಸಿ, ಒಂದು ರೊಟ್ಟಿ ಎತ್ತಿ ಬೆಳಕಿಗೆ ಹಿಡಿದ, ಬೆರಳಿನಿಂದ ಬಡಿದು ನೋಡಿದ, ಇದೇನು ಎಂದು ಕೇಳಿದ. ನನ್ನ ಇಂಗ್ಲಿಷು ಗಂಟಲಿನಿಂದ ಮೇಲೆ ಬರಲಿಲ್ಲ. ಹಿಂದಿದ್ದ ರೋಜಿಬಾಯಿ ಮುಂದೆ ಬಂದು, ಅದು ತಿನ್ನುವ ವಸ್ತು, ಈ ಹೆಂಗಸು ತಿನ್ನುತ್ತಾಳೆ, ನಾನು ತಿನ್ನುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಅವನು ನಮ್ಮಿಬ್ಬರನ್ನೂ ಬಿಟ್ಟ.

"ಭಾಳ ಉಪಕಾರ ಆತ್ರಿ" ಎಂದೆ.

"ಉಪಕಾರ ಏನ್ ಬಂತ್ರೀ, ನಿಮ್ಮನ್ನ ಹಿಡಕೊಂಡ್ರ ನಾನೂ ಇಲ್ಲೇ ನಿಂದರಬೇಕಲ್ಲ" ಎಂದಳು.

ಅಲ್ಲಿಂದ ಮಗಳ ಊರಿಗೆ ಮೂರು ತಾಸಿನ ಬಸ್ಸು. ದಾರಿಯಲ್ಲಿ ನಾನು ಮನಸ್ಸಿನಲ್ಲಿದ್ದುದನ್ನು ಆಡಿಯೇ ಬಿಟ್ಟೆ. ಕಡೆಗೂ ನೀವೇ ಗೆದ್ದಿರಿ, ಕೂಸು ನಿಮ್ಮ ಕಡೆ ಹೋಯಿತು ಎಂದೆ. ರೋಜಿಬಾಯಿ ನನ್ನ ಕಡೆ ತಿರುಗಿ ಕುಳಿತಳು.

"ಎಲ್ಲಿ ಗೆದ್ದೆರೀ? ಅದು ನಮ್ಮ ಕ್ಯಾಥೊಲಿಕ್ ಮಂದಿ ಇಗರ್ಜಿ ಅಲ್ಲ. ಇಂಗ್ಲಿಷ್ ಮಂದೀದು, ಬ್ಯಾರೆ. ನಮ್ಮ ಪಾದ್ರಿಗೆ ಹೇಳಿದ್ರ ಅವರು ಬರೇ ತಲಿ ಅಲ್ಲಾಡಿಸಿದ್ರು. ನನ್ನ ಮಗ ಹೇಳ್ತಾನ, ಮಮ್ಮಿ, ಶೈಲಾ ಕೆಲಸಾ ಮಾಡೂ ಊರಾಗ ಅದೊಂದ ಇರೂದು, ಅಲ್ಲೀ ಮಂದಿ ಪ್ರೀತಿಲೆ ಮಾಡತೇವಿ ಅಂದಾರ, ಇರಲಿ ಬಿಡು ಅಂತ. ಇರಲಿ ಅಂತ ಹೆಂಗ ಬಿಡೂದ್ರೀ?"

ನನಗೆ ಸಮಾಧಾನವಾಯಿತು ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೆ ಆಯಿತು. ಸೋತವಳು ನಾನೊಬ್ಬಳೇ ಅಲ್ಲ ಎಂದು ತಿಳಿದ ಮೇಲೆ ಇಬ್ಬರೂ ಕೂಡಿ ರೊಟ್ಟಿ ತಿಂದೆವು. ನಾನು ತಿನ್ನುವುದಿಲ್ಲ ಎಂದಿದ್ದವಳು ಎರಡು ತಿಂದಳು.

ಮಗಳ ಮನೆ

ಮಗಳು ಬಾಗಿಲಲ್ಲಿ ನನ್ನನ್ನು ಅಪ್ಪಿಕೊಂಡು ಅತ್ತಳು. ನಾನೂ ಅತ್ತೆ. ಅಳು ಮುಗಿದ ಕೂಡಲೇ, "ಮಾತು ನೆನಪೈತಿಲ್ಲೋ?" ಎಂದು ಕೇಳಿದಳು. ಅಡತಿ ಅಂಗಡಿಯವನ ಮಗಳಲ್ಲವೇ, ವ್ಯವಹಾರ ಮರೆಯುವುದಿಲ್ಲ.

ಆ ದೇಶದ ಜನ ಬಹಳ ಮೆತ್ತಗಿನವರು. ಅವರ ಕಾಲನ್ನು ನಾವು ತುಳಿದರೆ ಅವರೇ ಕ್ಷಮೆ ಕೇಳುತ್ತಾರೆ. ಮಳೆ ಬಂದರೆ ಮಳೆಯ ಪರವಾಗಿಯೂ ಕ್ಷಮೆ ಕೇಳುತ್ತಾರೆ. ಬೂಟು ಹಾಕಿಕೊಂಡೇ ಮಲಗುವ ಕೋಣೆಯವರೆಗೆ ಬರುತ್ತಾರೆ, ಆದರೆ ಕೈಯಿಂದ ಅನ್ನ ಕಲಸಿದರೆ ಗಾಬರಿಯಾಗಿ ಚಮಚ ತಂದುಕೊಡುತ್ತಾರೆ. ಪಕ್ಕದ ಮನೆಯ ಮುದುಕಿ ದಿನಾ ಬೇಲಿಯಾಚೆ ನಿಂತು ಚಳಿಯ ಸುದ್ದಿ ಹೇಳುತ್ತಿದ್ದಳು. ಹಳಿಯಾಳದಲ್ಲಾಗಿದ್ದರೆ ಮೊದಲ ದಿನವೇ ನನ್ನ ಮಗಳ ಸಂಬಳ ಕೇಳಿ, ಎರಡನೆಯ ದಿನ ಅಳಿಯನ ಜಾತಿ ಕೇಳಿ, ಮೂರನೆಯ ದಿನ ನಮ್ಮ ಮನೆಯ ಒಲೆಯ ಮುಂದೆ ಕುಳಿತಿರುತ್ತಿದ್ದಳು. ಇವಳು ಇಪ್ಪತ್ತು ದಿನದಲ್ಲಿ ನನ್ನ ಹೆಸರನ್ನೂ ಕೇಳಲಿಲ್ಲ.

ನನ್ನ ಲಿಂಗಪೂಜೆಗೆ ಮಗಳು ಹಿಂದಿನ ಕೋಣೆ ಕೊಟ್ಟಿದ್ದಳು. ಬಾಗಿಲು ಹಾಕಿಕೊಂಡು ಮಾಡಬೇಕು, ಕೂಸು ಒಳಗೆ ಬರಬಾರದು. ನಾನು ನನ್ನ ಲಿಂಗವನ್ನು ಎಡಗೈಯಲ್ಲಿಟ್ಟು ನೀರೆರೆದು ವಿಭೂತಿ ಹಚ್ಚುವಾಗ, ಚೀಲದಲ್ಲಿದ್ದ ಸಣ್ಣದಕ್ಕೂ ನೀರೆರೆಯುತ್ತಿದ್ದೆ. ತಂದ ಮೇಲೆ ಉಪವಾಸ ಇಡಲಾಗುವುದೇ? ಮೀರಾ ಆಚೆ ಕಡೆಯಿಂದ ಬಾಗಿಲು ಬಡಿಯುತ್ತ ಅಳುತ್ತಿದ್ದಳು. ಆಣೆ ಮಾಡಿದ ಬಾಯಿಗೆ ಬೀಗ ಹಾಕಿಕೊಂಡು ನಾನು ಒಳಗೆ ಕೂರುತ್ತಿದ್ದೆ.

ಚರ್ಚಿನ ಬಾಗಿಲು

ದೀಕ್ಷಾಸ್ನಾನದ ದಿನ ಬೆಳಿಗ್ಗೆ ರೋಜಿಬಾಯಿ ಬಚ್ಚಲಮನೆ ಹೊಕ್ಕು ಒಂದು ತಾಸು ಹೊರಬರಲಿಲ್ಲ. ನನ್ನ ಸ್ನಾನವಾಗುವಷ್ಟರಲ್ಲಿ ಅಳಿಯ ಕಾರು ಹೊರಗೆ ತೆಗೆದಿದ್ದ. ಪೂಜೆಗೆ ಹೊತ್ತಿರಲಿಲ್ಲ. ನಮ್ಮಲ್ಲಿ ಪೂಜೆಯಾಗದೆ ಬಾಯಿಗೆ ನೀರು ಹಾಕುವುದಿಲ್ಲ. ಪೂಜೆಯ ಚೀಲವನ್ನೂ ಒಂದು ಬಾಟಲಿ ನೀರನ್ನೂ ಹಿಡಿದುಕೊಂಡು ಕಾರು ಹತ್ತಿದೆ. ಪೂಜೆಯ ನೀರು ಹಿಡಿಯುವ ಬಟ್ಟಲು ಮನೆಯಲ್ಲೇ ಉಳಿಯಿತು.

ಚರ್ಚು ಊರ ಹೊರಗೆ, ಗೋರಿಗಳ ನಡುವೆ ಇತ್ತು. ಮೊಂಡ ಗೋಪುರ, ಪಾಚಿ ಹತ್ತಿದ ಗೋಡೆ. ನಮ್ಮಿಬ್ಬರನ್ನು ಬಾಗಿಲಲ್ಲಿ ಇಳಿಸಿ ಮಗಳೂ ಅಳಿಯನೂ ಕೂಸನ್ನು ಕರೆದುಕೊಂಡು ಪಕ್ಕದ ಸಭಾಂಗಣಕ್ಕೆ ಊಟದ ತಯಾರಿ ನೋಡಲು ಹೋದರು. ನಾನು ಅಭ್ಯಾಸದಂತೆ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟೆ. ಒಳಗಿನ ಕಲ್ಲು ನೆಲದ ತಣುಪು ಮೊಣಕಾಲಿನವರೆಗೆ ಏರಿತು. ರೋಜಿಬಾಯಿ ನನ್ನ ಬರಿಗಾಲು ನೋಡಿ ಜಪಸರ ತೆಗೆದುಕೊಂಡು ಮುಂದಿನ ಬೆಂಚಿಗೆ ಹೋಗಿ ಮೊಣಕಾಲೂರಿದಳು. ತನ್ನ ಇಗರ್ಜಿ ಅಲ್ಲದಿದ್ದರೂ ದೇವರು ಕೇಳಬಹುದು ಎಂದು ಇರಬೇಕು.

ಬಾಗಿಲಿನ ಹತ್ತಿರವೇ, ಬಂದವರಿಗೆ ಮೊದಲು ಕಾಣುವಂತೆ, ನನ್ನ ಎದೆಯ ಎತ್ತರಕ್ಕೆ ಒಂದು ಕಲ್ಲಿನ ಬಾನಿ ಇತ್ತು. ದುಂಡಗೆ, ದಪ್ಪಗೆ, ಕಂಬದ ಮೇಲೆ ಕೂಡಿಸಿದ್ದು. ಸುತ್ತ ಬಳ್ಳಿಗಳು, ಬಳ್ಳಿಯ ನಡುವೆ ಒಂದು ಪ್ರಾಣಿ. ಕೆತ್ತಿದವನು ಸಿಂಹ ಎಂದುಕೊಂಡಿರಬೇಕು, ಬಂದದ್ದು ನಾಯಿ. ಮರದ ಮುಚ್ಚಳ ಪಕ್ಕಕ್ಕೆ ಇತ್ತು. ಒಳಗೆ ತಿಳಿನೀರು. ಬೆರಳು ಅದ್ದಿದೆ, ಬೆಚ್ಚಗಿತ್ತು.

ನನಗೆ ಆ ಜನದ ಮೇಲೆ ಪ್ರೀತಿ ಉಕ್ಕಿತು. ನಮ್ಮಲ್ಲಿ ಬಂದವರಿಗೆ ಕೈಕಾಲಿಗೆ ಒಂದು ಚೊಂಬು ತಣ್ಣೀರು ಕೊಡುತ್ತೇವೆ. ಇವರು ಚಳಿಯ ದೇಶದವರು, ಬಿಸಿನೀರನ್ನೇ ಬಾಗಿಲಲ್ಲಿ ಕಾಯಿಸಿ ಇಟ್ಟಿದ್ದಾರೆ. ತಳದಲ್ಲಿ ಬೆಣೆ ಹಾಕಿದ ತೂತೂ ಕಾಣಿಸಿತು, ಬಳಸಿದ ನೀರು ಹೋಗಲಿಕ್ಕೆ. ಎಷ್ಟು ಅಚ್ಚುಕಟ್ಟು ಎಂದುಕೊಂಡೆ.

ಯಾರೂ ಬಂದಿರಲಿಲ್ಲ. ಗಂಟಲು ಒಣಗಿತ್ತು. ಪೂಜೆ ಮುಗಿಸಿಕೊಂಡರೆ ಒಂದು ಗುಟುಕು ಚಹಾ ಆದರೂ ಕುಡಿಯಬಹುದಿತ್ತು. ಪೂಜೆಯ ನೀರು ತುಳಿಯುವ ಜಾಗದಲ್ಲಿ ಬೀಳಬಾರದು, ಅಲ್ಲಿ ನೆಲದ ಮೇಲೆ ಕಂಬಳಿಯಂಥ ಹಾಸು, ಅದರ ಮೇಲೆ ಬೂಟಿನ ಗುರುತು. ಪರರ ಹಾಸು ಒದ್ದೆ ಮಾಡುವುದೂ ಮರ್ಯಾದೆಯಲ್ಲ. ಬಾನಿಯ ಮೇಲೆ ಎಡಗೈ ಚಾಚಿ, ಅಂಗೈಯಲ್ಲಿ ನನ್ನ ಲಿಂಗ ಇಟ್ಟುಕೊಂಡು, ಬಾಟಲಿಯ ನೀರೆರೆದೆ. ಲಿಂಗಕ್ಕೂ ನನ್ನ ಹಣೆಗೂ ವಿಭೂತಿ ಹಚ್ಚಿದೆ. ಆಮೇಲೆ ಸಣ್ಣದನ್ನೂ ತೆಗೆದು ಅದಕ್ಕೂ ಎರೆದೆ. ನೀರು ಅಂಗೈಯಿಂದ ಜಾರಿ ಬಾನಿಗೆ ಬಿತ್ತು. ಎರಡನ್ನೂ ಒರೆಸಿ ಒಳಗಿಟ್ಟು ಬೆಂಚಿಗೆ ಹೋಗಿ ಕುಳಿತಾಗ, ಆ ತಿಂಗಳಲ್ಲೇ ಇಷ್ಟು ಸಮಾಧಾನದ ಪೂಜೆ ಆಗಿರಲಿಲ್ಲ ಎನಿಸಿತು.

ಬಾನಿ

ಹನ್ನೊಂದಕ್ಕೆ ಜನ ಬಂದರು. ಮಗಳು ಕೆಲಸ ಮಾಡುವ ವೃದ್ಧರ ನಿಲಯದ ಅಜ್ಜ ಅಜ್ಜಿಯರು, ಕೆಲವರು ಕೋಲೂರಿಕೊಂಡು, ಕೆಲವರು ಗಾಲಿಕುರ್ಚಿಯಲ್ಲಿ. ಪಾದ್ರಿ ಹೆಂಗಸು. ಉದ್ದ ನಿಲುವಂಗಿಯ ಕೆಳಗೆ ಕೆಸರು ಬೂಟು ಕಾಣುತ್ತಿತ್ತು. ರೋಜಿಬಾಯಿ ಅವಳನ್ನು ನೋಡಿ ಎರಡು ಸಲ ಶಿಲುಬೆ ಗುರುತು ಮಾಡಿಕೊಂಡಳು. ಪಾದ್ರಿ ಎಲ್ಲರನ್ನೂ ಬಾಗಿಲ ಕಡೆಗೆ ಕರೆದು, ಬಾನಿಯ ಸುತ್ತ ನಿಲ್ಲಿಸಿದಳು. ಬಾನಿಯ ಅಂಚಿನ ಮೇಲೆ ಕೈಯಿಟ್ಟು ಮಾತಿಗೆ ಆರಂಭಿಸಿದಳು. ಅಳಿಯ ನನ್ನ ಕಿವಿಯಲ್ಲಿ ಕನ್ನಡ ಮಾಡುತ್ತ ಹೋದ.

ಈ ಬಾನಿಗೆ ಎಂಟುನೂರು ವರ್ಷ ಎಂದಳು. ಈ ಊರಿನಲ್ಲಿ ಹುಟ್ಟಿದವರ ತಲೆಗೆಲ್ಲ ಇದರ ನೀರೇ ಬಿದ್ದದ್ದು. ನಡುವೆ ಯಾರೋ ಇದನ್ನು ಹಳತಾಯಿತೆಂದು ಹೊರಗೆಸೆದಿದ್ದರು, ಒಬ್ಬ ರೈತ ಬಹಳ ಕಾಲ ಇದರಲ್ಲಿ ದನಕ್ಕೆ ನೀರು ಕುಡಿಸಿದ. ಹಿಂದೆ ಇದರ ಮುಚ್ಚಳಕ್ಕೆ ಬೀಗ ಇತ್ತು, ಇಗೋ ಕಬ್ಬಿಣದ ಗುರುತು. ಮಾಟ ಮದ್ದಿಗೆಂದು ಜನ ನೀರು ಕದಿಯುತ್ತಿದ್ದರು. ಇವತ್ತು ಮೀರಾಳ ಸರದಿ.

ಮೊದಲು ನನಗೆ ಕೇಳಿಸಿದ್ದು ಎಮ್ಮೆಯ ಬಾನಿಯ ವಿಷಯದಲ್ಲಿ ನನ್ನ ಅಂದಾಜು ಸರಿಯಾಗಿತ್ತು ಎಂಬುದು. ಉಳಿದದ್ದು ನಿಧಾನಕ್ಕೆ ಇಳಿಯಿತು. ಆ ನೀರು ಕೈಕಾಲಿಗೆ ಇಟ್ಟದ್ದಲ್ಲ. ನನ್ನ ಮೊಮ್ಮಗಳ ತಲೆಗೆ ಇಟ್ಟದ್ದು. ಎಂಟುನೂರು ವರ್ಷ ಅದರಿಂದ ಜನ ಕದ್ದು ಒಯ್ದಿದ್ದಾರೆ, ಕದ್ದು ಹಾಕಿದವಳು ನಾನೊಬ್ಬಳೇ. ಬೀಗ ತೆಗೆದದ್ದೇ ತಪ್ಪಾಗಿತ್ತು.

ಪಾದ್ರಿ ನೀರಿನ ಕಡೆ ಬಗ್ಗಿ ನೋಡಿದಳು. ಮೇಲೆ ಬೂದಿ ತೇಲುತ್ತಿತ್ತು. ಮೇಲ್ಛಾವಣಿಯತ್ತ ಕಣ್ಣೆತ್ತಿ, ಮತ್ತೆ ಧೂಳು ಉದುರುತ್ತಿದೆ ನೋಡಿ, ರಿಪೇರಿಗೆ ಯಾವಾಗ ಕೂಡಿ ಬರುತ್ತದೋ ಎಂದಳು. ಎಲ್ಲರೂ ನಕ್ಕರು. ಅವಳು ತೋಳು ಮೇಲೇರಿಸಿಕೊಂಡು ಕೂಸಿಗಾಗಿ ಕೈ ಚಾಚಿದಳು.

ನಾನು ಸುಮ್ಮನಿದ್ದರೆ ಸಾಕಿತ್ತು. ಯಜಮಾನರು ಉಳವಿಗೆ ಹೋಗಿ ತಂದದ್ದು ಕೂಸಿನ ನೆತ್ತಿಗೆ ತಲುಪುತ್ತಿತ್ತು, ಅದೂ ಪಾದ್ರಿಯ ಕೈಯಿಂದಲೇ. ಆಣೆಯೂ ಮುರಿಯುತ್ತಿರಲಿಲ್ಲ, ನಾನೇನೂ ಕಟ್ಟಿರಲಿಲ್ಲ. ಆದರೆ ನನ್ನ ಹಣೆಯ ಮೇಲೆ ಹಸಿ ವಿಭೂತಿ ಇತ್ತು. ಇವತ್ತಲ್ಲ ನಾಳೆ ಮಗಳು ಅದನ್ನೂ ಆ ಬೂದಿಯನ್ನೂ ಕೂಡಿಸಿ ನೋಡುವವಳೇ. ಆಗ ಅವ್ವ ಮೋಸ ಮಾಡಿದಳು ಎಂದುಕೊಳ್ಳುತ್ತಾಳೆ. ನನಗೆ ನಿಜವಾಗಿ ಹೆದರಿಕೆಯಾಯಿತು. ಐದು ವರ್ಷ ಮಗಳಿಲ್ಲದೆ ಇದ್ದವಳು ನಾನು, ಮತ್ತೆ ಇರಲಾರೆ.

"ಶೈಲಾ, ಸ್ವಲ್ಪ ತಡಿ" ಎಂದೆ. "ಆ ನೀರು ಬ್ಯಾಡ. ಅದರಾಗ ನನ್ನ ಲಿಂಗದ ನೀರು ಬಿದ್ದೈತಿ. ಕೈಕಾಲಿಗೆ ಇಟ್ಟಾರ ಅಂತ ತಿಳದ ಅದರ ಮ್ಯಾಲೆ ಹಿಡದ ಪೂಜಿ ಮಾಡೇನಿ. ಕೂಸಿಗಂತ ನಿಮ್ಮಪ್ಪ ಕೊಟ್ಟ ಸಣ್ಣ ಲಿಂಗದ್ದೂ ಬಿದ್ದೈತಿ. ಬೇಕಂತ ಮಾಡಿಲ್ಲವಾ. ನಂಬಿದ್ರ ನಂಬು, ಬಿಟ್ರ ಬಿಡು."

ಮಗಳ ಮುಖ ಕೆಂಪಾಯಿತು. "ಅದನ್ನೂ ತಂದೀ ಏನು?" ಎಂದಳು.

"ತಂದೇನಿ."

ಕೋಲು ಹಿಡಿದ ಅಜ್ಜಂದಿರು ಬಹಳ ವಿನಯದಿಂದ ಬೇರೆ ಕಡೆ ನೋಡಿದರು. ಮಗಳು ಕೂಸನ್ನು ಅಳಿಯನ ಕೈಗೆ ಕೊಟ್ಟಳು. ಆಮೇಲೆ ಪಾದ್ರಿಗೆ ಇಂಗ್ಲಿಷಿನಲ್ಲಿ ಹೇಳಿದಳು, ಒಂದು ಮಾತೂ ಬಿಡದೆ. ಪಾದ್ರಿ ಕೇಳಿ, ನನ್ನ ಬರಿಗಾಲು ನೋಡಿ, ತುಟಿ ಕಚ್ಚಿ ನಗು ತಡೆದುಕೊಂಡದ್ದು ನನಗೆ ಕಂಡಿತು. ಬಾನಿಯೊಳಗೆ ಕೈ ಹಾಕಿ ಬೆಣೆ ಎಳೆದಳು. ನೀರು ಗುಳುಗುಳು ಎಂದು ಇಳಿಯಿತು. ಹೆದರಬೇಡಿ ಎಂದು ಅಜ್ಜಿಗೆ ಹೇಳಿರಿ, ಈ ನೀರು ಗಟಾರಕ್ಕೆ ಹೋಗುವುದಿಲ್ಲ, ನೇರ ಮಣ್ಣಿಗೆ ಹೋಗುತ್ತದೆ, ಯಾರೂ ತುಳಿಯಬಾರದೆಂದು ಹಿಂದಿನವರು ಹಾಗೆ ಮಾಡಿದ್ದಾರೆ ಎಂದಳು. ನಾವೂ ಪೂಜೆಯ ನೀರನ್ನು ಗಿಡದ ಬುಡಕ್ಕೇ ಹಾಕುತ್ತೇವೆ ಎಂದು ನಾನೆಂದೆ. ಅದನ್ನು ಮಗಳು ಇಂಗ್ಲಿಷ್ ಮಾಡಲಿಲ್ಲ.

ಹೊಸ ನೀರಿಗೆ ಕೆಟಲ್ ಇಟ್ಟರು. ಆ ಜನಕ್ಕೆ ಕಾಯುವುದೆಂದರೆ ಇಷ್ಟ, ಯಾರೂ ಗೊಣಗಲಿಲ್ಲ. ರೋಜಿಬಾಯಿ ಹತ್ತಿರ ಬಂದು ನಿಂತಳು.

"ಸುಮ್ನ ಇದ್ದಿದ್ರ ಆಗ್ತಿತ್ತಲ್ರೀ ಬೀಗತೀ. ನಾ ಆದ್ರ ಇರ್ತಿದ್ದೆ" ಎಂದಳು.

ಮಗಳು ಕೂಸನ್ನು ತಂದು ನನ್ನ ತೊಡೆಯ ಮೇಲೆ ಕೂಡಿಸಿದಳು. "ನೀ ಹೇಳದಿದ್ರ ನನಗ ತಿಳೀತಿರಲಿಲ್ಲ" ಎಂದಳು.

"ತಿಳೀತಿತ್ತು. ತಿಳದ ಮ್ಯಾಲೆ ನೀ ನನ್ನ ಬಾಗಲದಾಗ ಬಿಟ್ಟಕೋತಿರಲಿಲ್ಲ" ಎಂದೆ. ದನಿ ಒಡೆಯಿತು.

ಕೆಟಲಿನ ನೀರು ಬಂತು, ಮೂರು ಸಲ ಕೂಸಿನ ನೆತ್ತಿಗೆ ಬಿತ್ತು, ಮೀರಾ ಎಂದರು, ಮೀರಾ ಕಿರುಚಿದಳು. ಸಭಾಂಗಣದಲ್ಲಿ ಅಂಚು ಕತ್ತರಿಸಿದ ಬ್ರೆಡ್ಡಿನ ನಡುವೆ ಸೌತೆಕಾಯಿ ಇಟ್ಟು ಕೊಟ್ಟರು. ಇಷ್ಟು ದೊಡ್ಡ ಕಾರ್ಯಕ್ಕೆ ಅಷ್ಟೇ ಊಟ.

ಮರುದಿನ

ಬೆಳಿಗ್ಗೆ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಪೂಜೆಗೆ ಕುಳಿತಿದ್ದೆ. ಸಣ್ಣ ಲಿಂಗವನ್ನು ಮಗಳ ಕೈಗೇ ಕೊಟ್ಟುಬಿಡಬೇಕು, ಯಜಮಾನರಿಗೆ ಇದ್ದದ್ದು ಇದ್ದ ಹಾಗೆ ಹೇಳಬೇಕು ಎಂದು ರಾತ್ರಿಯೇ ನಿಶ್ಚಯಿಸಿದ್ದೆ. ಮಗಳು ಬಾಗಿಲು ತೆರೆದು ಒಳಗೆ ಬಂದಳು. ಒಂದು ಕೈಯಲ್ಲಿ ಕೂಸು, ಇನ್ನೊಂದರಲ್ಲಿ ಫ್ರಿಜ್ಜಿನಿಂದ ತೆಗೆದ ಹಾಲಿನ ಡಬ್ಬಿ. ಡಬ್ಬಿಯನ್ನು ನನ್ನ ಪೂಜೆಯ ಬಟ್ಟಲಿನ ಪಕ್ಕ ಇಟ್ಟು, ಕೂಸನ್ನು ನನ್ನೆದುರಿಗೆ ಕೂಡಿಸಿದಳು.

"ದಿನಾ ಬಾಗಲಾ ಬಡದು ಅಳ್ತಾಳ. ನೋಡಲಿ. ಬರೇ ನೋಡಲಿ. ಕಟ್ಟಬ್ಯಾಡ" ಎಂದಳು.

"ಕಟ್ಟೂದಿಲ್ಲ."

ನಾನು "ಇದು ನಿನ್ನ ಕಡೆ ಇರಲಿ" ಎಂದು ಸಣ್ಣ ಲಿಂಗದ ಗಂಟನ್ನು ಅವಳತ್ತ ಚಾಚಿದೆ. ಅವಳು ನೋಡಿದಳು, ತೆಗೆದುಕೊಳ್ಳಲಿಲ್ಲ. "ಒಲೀ ಮ್ಯಾಲೆ ಹಾಲಿಟ್ಟೇನಿ, ಉಕ್ಕತೈತಿ" ಎಂದು ಅಡುಗೆಮನೆಗೆ ಹೋದಳು.

ಹಾಲಿನ ಡಬ್ಬಿ ನನ್ನ ಎದುರಿಗೇ ಇತ್ತು. ಬೂಚು ಕೂಡ ತೆಗೆದಿರಲಿಲ್ಲ.

ಕಟ್ಟುವುದಿಲ್ಲ ಎಂದು ಆಣೆ ಮಾಡಿದ್ದೆ, ಕಟ್ಟಲಿಲ್ಲ. ಗಂಟು ಬಿಚ್ಚಿ, ಮೀರಾಳ ಎಡಗೈ ಹಿಡಿದು, ಅವಳ ಅಂಗೈಯಲ್ಲಿಟ್ಟೆ. ಅವಳು ಕೂಡಲೇ ಮುಷ್ಟಿ ಬಿಗಿದಳು. ಬಾಯಿಗೆ ಒಯ್ಯದಂತೆ ಆ ಮುಷ್ಟಿಯ ಮೇಲೆ ನನ್ನ ಕೈಯಿಟ್ಟು, ಒಂದು ಉದ್ಧರಣೆ ನೀರು ಎರೆದೆ. ನೀರು ಅವಳ ಮುಂಗೈಯಿಂದ ಇಳಿದು ಬಟ್ಟಲಿಗೆ ಬಿತ್ತು. ಅವಳು ನಕ್ಕಳು. ನನ್ನ ಕಣ್ಣಿಗೆ ಏನೂ ಕಾಣದ ಹಾಗಾಯಿತು.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದೂ ಇರಲಿಲ್ಲ.

"ಶೈಲಾ, ಹಾಲು ಕಾಯ್ತೇನವಾ?" ಎಂದು ಕೂಗಿದೆ.

"ಇನ್ನಾ ಇಲ್ಲವ್ವಾ" ಎಂದು ಅಲ್ಲಿಂದಲೇ ಹೇಳಿದಳು. "ಸಾವಕಾಶ ಮಾಡು, ಟಾಯಮ್ ಐತಿ."